ಅಪಾತ್ರದಾನ

ನಮ್ಮ ಭಾಷೆಯಲ್ಲಿ 'ಅಪಾತ್ರದಾನ' ಎಂಬುದೊಂದು ಮಾತಿದೆ. ಹಿರಿಯರ ಬಾಯಲ್ಲಿ ಅದು ನಿಂದೆಯ ಮಾತು. ಕೊಡಬಾರದವನಿಗೆ ಕೊಟ್ಟು ಮೋಸಹೋದವನನ್ನು ಕುರಿತು, ಮರುಕ ಸ್ವಲ್ಪ ಪರಿಹಾಸ ಹೆಚ್ಚಾಗಿ ಬೆರೆಸಿ ಆಡುವ ಮಾತು. ತರಗತಿಯಲ್ಲಿ ನಾನು ಈ ಮಾತನ್ನು ಎಷ್ಟೋ ಸಲ ವಿವರಿಸಿದ್ದೇನೆ. ಸಮಾಸಗಳನ್ನು ಪಾಠ ಹೇಳುವಾಗ ಕರಿಹಲಗೆಯ ಮೇಲೆ ಬರೆದು ಬಿಡಿಸಿ ತೋರಿಸಿದ್ದೂ ಉಂಟು. ಅದರ ಅರ್ಥದ ವಿಷಯದಲ್ಲಿ ನನಗೆ ಸಂದೇಹವೇ ಇರಲಿಲ್ಲ. ಸಂದೇಹ ಹುಟ್ಟಿದ್ದು ಕೆಲವು ವರ್ಷಗಳ ಹಿಂದೆ, ಒಂದು ರೈಲು ನಿಲ್ದಾಣದಲ್ಲಿ.

ಸಂಜೆಯ ಹೊತ್ತು. ಟಿಕೆಟ್ಟಿನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ಮುದುಕನೊಬ್ಬ ಬಂದು, ಅರಸೀಕೆರೆಗೆ ಹೋಗಬೇಕು, ಕೈಯಲ್ಲಿ ಕಾಸಿಲ್ಲ ಎಂದ. ಇಂಥ ಮಾತನ್ನು ನಾವೆಲ್ಲರೂ ಕೇಳಿರುತ್ತೇವೆ. ಆದುದರಿಂದ ನನ್ನ ಜಾಣತನ ಎಚ್ಚರಗೊಂಡಿತು. ಹಣ ಕೊಟ್ಟರೆ ತಾನೆ ಕುಡಿಯುವುದು? ನಾನೇ ಅರಸೀಕೆರೆಗೆ ಟಿಕೆಟು ಕೊಂಡು ಅವನ ಕೈಯಲ್ಲಿಟ್ಟೆ. ದಯೆಯನ್ನೂ ವಿವೇಕವನ್ನೂ ಒಂದೇ ಪೆಟ್ಟಿಗೆ ತೋರಿಸಿದೆನೆಂಬ ತೃಪ್ತಿಯಿಂದ ಗಾಡಿಯನ್ನು ಹತ್ತಿ ಕಿಟಕಿಯ ಬದಿಯಲ್ಲಿ ಕುಳಿತೆ. ಅಲ್ಲಿಂದ ನೋಡುತ್ತೇನೆ: ಮುದುಕ ಆ ಟಿಕೆಟನ್ನು ಯಾವನೋ ಹುಡುಗನಿಗೆ ಅರ್ಧ ಬೆಲೆಗೆ ಮಾರುತ್ತಿದ್ದಾನೆ! ಊರು ಸೇರುವವರೆಗೂ ನನ್ನ ಸಿಟ್ಟು ಇಳಿಯಲಿಲ್ಲ. ಹೋದದ್ದು ಕೆಲವೇ ರೂಪಾಯಿ. ನಾಲ್ಕು ಮಂದಿ ಸ್ನೇಹಿತರು ಕೂಡಿದರೆ ಕಾಫಿಗೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಹಾಗಾದರೆ ಅಷ್ಟೊಂದು ಸಿಟ್ಟು ಏತಕ್ಕೆ? ಈ ಪ್ರಶ್ನೆಗೆ ಉತ್ತರ ನನಗೆ ದೊರೆತದ್ದು ಬಹುಕಾಲದ ಮೇಲೆ, ನ್ಯೂಯಾರ್ಕ್ ನಗರದ ಒಂದು ಬಡ ಮನೆಯ ಕಥೆಯನ್ನು ಓದುತ್ತಿದ್ದಾಗ. ಆ ಮನೆಯ ವಿಷಯವನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ. ಅದಕ್ಕೆ ಮೊದಲು ನಮ್ಮ ಹಿರಿಯರ ಪಕ್ಷವನ್ನೂ ಹೇಳಿಬಿಡುವುದು ನ್ಯಾಯ.

ಪಾತ್ರಾಪಾತ್ರ ವಿವೇಚನೆ ನಮ್ಮಲ್ಲಿ ಜಿಪುಣರು ಹುಟ್ಟಿಸಿದ ನೆಪವಲ್ಲ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದೇಶ, ಕಾಲ, ಪಾತ್ರ ಮೂರನ್ನೂ ನೋಡಿ ಕೊಟ್ಟದ್ದು ಸಾತ್ವಿಕವೆಂದೂ, ನೋಡದೆ ಅವಜ್ಞೆಯಿಂದ ಕೊಟ್ಟದ್ದು ತಾಮಸವೆಂದೂ ವಿಭಾಗ ಮಾಡಿದೆ. ನಮ್ಮ ಹಳಗನ್ನಡ ಕಾವ್ಯಗಳಿಗೆ ಹಿನ್ನೆಲೆಯಾಗಿರುವ ಜೈನಶಾಸ್ತ್ರವಂತೂ ದಾನ ಪಡೆಯುವವರನ್ನು ಉತ್ತಮ, ಮಧ್ಯಮ, ಜಘನ್ಯ ಎಂದು ದರ್ಜೆಯಾಗಿ ವಿಂಗಡಿಸಿ, ಕುಪಾತ್ರ ಅಪಾತ್ರರನ್ನು ಹೊರಗಿಟ್ಟಿದೆ. ಆದರೆ ಅದೇ ಶಾಸ್ತ್ರ 'ಕರುಣಾದಾನ' ಎಂಬ ಒಂದು ಹಿತ್ತಿಲ ಬಾಗಿಲನ್ನೂ ತೆರೆದಿರಿಸಿತು. ಹಸಿದವನಿಗೆ, ಹೆದರಿದವನಿಗೆ, ರೋಗಿಗೆ ಕೊಡುವಾಗ ಅವನ ಯೋಗ್ಯತೆಯ ಲೆಕ್ಕ ಬೇಕಾಗಿಲ್ಲ. ಶಾಸ್ತ್ರಕಾರರಿಗೂ ಮನಸ್ಸು ತಡೆಯಲಿಲ್ಲವೆಂದು ತೋರುತ್ತದೆ.

ಪುರಾಣಗಳ ವಿಷಯ ಇನ್ನೂ ಸ್ವಾರಸ್ಯವಾದದ್ದು. ದಾನಕ್ಕೆ ಹೆಸರಾದವರೆಂದರೆ ನಮಗೆ ಥಟ್ಟನೆ ನೆನಪಾಗುವವರು ಬಲಿ ಮತ್ತು ಕರ್ಣ. ಬಲಿಯ ಮುಂದೆ ನಿಂತ ವಟು ಬರಿಯ ವಟುವಲ್ಲ, ಕೊಡಬೇಡ ಎಂದು ಗುರು ಶುಕ್ರಾಚಾರ್ಯನೇ ತಡೆದ. ಕರ್ಣನ ಬಳಿಗೆ ಬಂದ ಬ್ರಾಹ್ಮಣ ಇಂದ್ರನೆಂದು ತಂದೆ ಸೂರ್ಯನೇ ಮುಂದಾಗಿ ಎಚ್ಚರಿಸಿದ್ದ. ಬೇಡಲು ಬಂದವನು ವೇಷಧಾರಿ, ಬೇಡಿದ್ದು ಮೋಸದಿಂದ. ಇದಕ್ಕಿಂತ ಅಪಾತ್ರನಿರುವುದು ಸಾಧ್ಯವೆ? ಇಬ್ಬರೂ ತಿಳಿದೂ ತಿಳಿದೂ ಕೊಟ್ಟರು. ಪಾತ್ರವನ್ನು ನೋಡಿ ಕೊಡು ಎಂದು ಬೋಧಿಸುವ ನಾವೇ ಪಾತ್ರವನ್ನು ನೋಡಿಯೂ ಲೆಕ್ಕಿಸದೆ ಕೊಟ್ಟವರನ್ನು ಸಾವಿರಾರು ವರ್ಷ ಕೊಂಡಾಡುತ್ತ ಬಂದಿದ್ದೇವೆ. ಶುಕ್ರಾಚಾರ್ಯನ ಬುದ್ಧಿವಾದ ಸರಿಯಾದದ್ದೇ. ಆದರೂ ಯಾರೂ ತಮ್ಮ ಮಗನಿಗೆ ಆತನ ಹೆಸರಿಡುವ ಹಾಗೆ ಕಾಣೆ.

ಇನ್ನು ಆ ನ್ಯೂಯಾರ್ಕಿನ ಮನೆ. ಮ್ಯಾನ್‌ಹಟ್ಟನ್ ದ್ವೀಪದ ತೆಂಕಣ ಭಾಗದಲ್ಲಿ ಬವರಿ ಎಂಬ ಬೀದಿಯೊಂದಿದೆ. ಕುಡಿತಕ್ಕೆ ಬಿದ್ದವರು, ಕೆಲಸ ಕಳೆದುಕೊಂಡವರು, ಮನೆಮಠ ಬಿಟ್ಟವರು ಬಂದು ಸೇರುವ ಕೊನೆಯ ತಾಣವೆಂದು ಕಳೆದ ಶತಮಾನದಲ್ಲಿ ಅದು ಕುಖ್ಯಾತವಾಗಿತ್ತು. ಈ ಬೀದಿಯ ಆಸುಪಾಸಿನಲ್ಲಿ ಡೊರೊಥಿ ಡೇ ಎಂಬ ಹೆಂಗಸು ೧೯೩೩ರಿಂದ ತನ್ನ ಸಾವಿನವರೆಗೆ, ಎಂದರೆ ನಲವತ್ತೇಳು ವರ್ಷ, ಮನೆಯಿಲ್ಲದವರೊಡನೆ ಒಂದೇ ಸೂರಿನ ಕೆಳಗೆ ಬಾಳಿದಳು.

ಆಕೆ ಹುಟ್ಟಿದ್ದು ೧೮೯೭ರಲ್ಲಿ, ಪತ್ರಕರ್ತನ ಮಗಳಾಗಿ. ತಾರುಣ್ಯದಲ್ಲಿ ಸಮಾಜವಾದಿ ಪತ್ರಿಕೆಗಳಿಗೆ ಬರೆದಳು. ೧೯೧೭ರಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ಸೆರೆಮನೆಗೂ ಹೋದಳು. ಮದುವೆಯ ವಿಧಿಯಿಲ್ಲದೆ ಕೂಡಿ ಬಾಳಿದ ಗೆಳೆಯನೊಬ್ಬನಿಂದ ೧೯೨೬ರಲ್ಲಿ ಹೆಣ್ಣುಮಗು ಹುಟ್ಟಿತು. ಆ ಸಂತೋಷಕ್ಕೆ ಯಾರಿಗೆ ಕೃತಜ್ಞತೆ ಹೇಳಬೇಕೆಂದು ತಿಳಿಯದೆ ದೇವರ ಕಡೆಗೆ ತಿರುಗಿದವಳು ಆಕೆ. ೧೯೨೭ರ ಕೊನೆಯಲ್ಲಿ ಕ್ಯಾಥೊಲಿಕ್ ಸಭೆಯನ್ನು ಸೇರಿದಳು. ಧರ್ಮವನ್ನೊಪ್ಪದ ಗೆಳೆಯನಿಂದ ದೂರವಾದಳು. ಮುಂದೆ ಐದು ವರ್ಷ, ಬಡವರ ಪರವಾದ ಹಳೆಯ ಕಳಕಳಿಗೂ ಹೊಸ ಶ್ರದ್ಧೆಗೂ ಹೊಂದಿಕೆಯಾಗುವ ದಾರಿಯನ್ನು ಕಾಣದೆ ತೊಳಲಾಡಿದಳು. ೧೯೩೨ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿಗೆ ಹೋಗಿ ಹಸಿದವರ ಮೆರವಣಿಗೆಯ ವರದಿ ಮಾಡಿ ಮರಳಿ ಬಂದಾಗ, ಪೀಟರ್ ಮೋರಿನ್ ಎಂಬ ವಿಚಿತ್ರ ಮನುಷ್ಯ ಆಕೆಯನ್ನು ಹುಡುಕಿಕೊಂಡು ಬಂದಿದ್ದ. ಫ್ರಾನ್ಸಿನ ರೈತಮನೆತನದವನು, ವಯಸ್ಸು ಐವತ್ತೈದು, ತೊಟ್ಟ ಬಟ್ಟೆಯಲ್ಲೇ ಮಲಗಿ ಏಳುವವನು, ಜೇಬುಗಳ ತುಂಬ ಪುಸ್ತಕ ಮತ್ತು ಚೀಟಿ. ಒಬ್ಬ ಪ್ರಾಧ್ಯಾಪಕರು ಅವನನ್ನು ಊಟಕ್ಕೆ ಕರೆದಿದ್ದಾಗ, ಮನೆಯಾಕೆ ಅವನ ವೇಷ ನೋಡಿ ಯಾರೋ ರಿಪೇರಿಯವನೆಂದು ತಿಳಿದು ನೆಲಮಾಳಿಗೆಗೆ ಕಳುಹಿಸಿದಳಂತೆ. ಇವನು ತಕರಾರಿಲ್ಲದೆ ಹೋಗಿ ಅಲ್ಲಿಯೇ ಕುಳಿತಿದ್ದನಂತೆ.

ಇವರಿಬ್ಬರೂ ಸೇರಿ ೧೯೩೩ರ ಮೇ ೧ರಂದು 'ದಿ ಕ್ಯಾಥೊಲಿಕ್ ವರ್ಕರ್' ಎಂಬ ಪತ್ರಿಕೆಯನ್ನು ಹೊರಡಿಸಿದರು. ಮೊದಲ ಸಂಚಿಕೆ ೨,೫೦೦ ಪ್ರತಿ, ಬೆಲೆ ಒಂದು ಸೆಂಟ್. ದಶಕಗಳು ಕಳೆದರೂ ಬೆಲೆಯನ್ನು ಏರಿಸಲಿಲ್ಲ. ಅತಿಥಿಸತ್ಕಾರದ ಮನೆಗಳು ಬೇಕೆಂದು ಪೀಟರ್ ಅದರಲ್ಲಿ ಬರೆದ. ನಾಲ್ಕನೆಯ ಶತಮಾನದ ಜಾನ್ ಕ್ರಿಸೋಸ್ತೊಮ್ ಎಂಬ ಧರ್ಮಪಿತನು, ಪರದೇಶಿಗಳ ಚಿಂತೆಯನ್ನು ಸಭೆಯ ಛತ್ರಕ್ಕೆ ಬಿಟ್ಟು ನೀವು ಕೈತೊಳೆದುಕೊಳ್ಳಬೇಡಿ, ನಿಮ್ಮ ನಿಮ್ಮ ಮನೆಯಲ್ಲೇ ಒಂದು ಕೋಣೆಯನ್ನು ಅವರಿಗಾಗಿ ತೆಗೆದಿಡಿ ಎಂದು ಉಪದೇಶಿಸಿದ್ದನು. ಪೀಟರ್ ಆ ಹಳೆಯ ಮಾತನ್ನು ದೂಳು ಕೊಡವಿ ಎತ್ತಿಕೊಂಡ. ಪತ್ರಿಕೆಯಲ್ಲಿ ಬರೆದರೆ ಏನಾಗುತ್ತದೆ? ಆ ಮನೆ ಎಲ್ಲಿದೆ ಎಂದು ಕೇಳಿಕೊಂಡು ಮನೆಯಿಲ್ಲದವರು ಬಂದೇಬಿಟ್ಟರು! ಲೇಖನ ಬರೆದವರನ್ನು ಓದುಗರು ಹೀಗೆ ಮಾತಿಗೆ ಕಟ್ಟಿಹಾಕುವ ಪದ್ಧತಿ ಎಲ್ಲೆಡೆಯೂ ಇದ್ದಿದ್ದರೆ ನಮ್ಮಂಥ ಲೇಖಕರ ಸಂಖ್ಯೆ ಬಹಳ ಕಡಿಮೆಯಾಗುತ್ತಿತ್ತು. ಬಾಡಿಗೆಗೆ ಮನೆ ಹಿಡಿದರು. ಸಾಲಾಗಿ ನಿಂತವರಿಗೆ ಕಾಫಿ, ರೊಟ್ಟಿ, ಸೂಪು ಕೊಡತೊಡಗಿದರು. ಒಂದು ಮನೆ ಹಲವಾಯಿತು. ಇಂದು ಅಮೆರಿಕದಲ್ಲಿಯೂ ಹೊರಗೂ ಇಂಥ ಮನೆಗಳು ನೂರಕ್ಕೂ ಮೇಲ್ಪಟ್ಟು ಇವೆ.

ಬಡವರಿಗೆ ಗಂಜಿ ಹಾಕುವ ಮನೆ ಹೊಸದಲ್ಲ. ಬವರಿಯಲ್ಲಿಯೂ ಅದಕ್ಕೆ ಮೊದಲೇ ಇತ್ತು. ಆದರೆ ಅಂಥ ಕೆಲವು ಕಡೆ, ಸೂಪಿನ ಬಟ್ಟಲು ಕೈಗೆ ಬರಬೇಕಾದರೆ ಮೊದಲು ಉಪದೇಶಕ್ಕೆ ಕಿವಿಗೊಟ್ಟು ಕುಳಿತಿರಬೇಕಾಗಿತ್ತು. ಸರ್ಕಾರದ ನೆರವಾದರೆ, ನಮೂನೆ ತುಂಬಿ, ತಾನು ನಿಜವಾಗಿಯೂ ದರಿದ್ರನೆಂದು ರುಜುವಾತು ಮಾಡಬೇಕಾಗಿತ್ತು. ಡೊರೊಥಿಯ ಮನೆಯಲ್ಲಿ ಇವೆರಡೂ ಇರಲಿಲ್ಲ. ನೀನು ಯಾರು, ಯಾವ ಮತದವನು, ಏಕೆ ಹೀಗಾದೆ, ಕುಡಿಯುತ್ತೀಯಾ, ಎಷ್ಟು ದಿನ ಇರುತ್ತೀಯಾ ಎಂದು ಕೇಳುತ್ತಿರಲಿಲ್ಲ. ಬಂದವನ ಹೆಸರು 'ಅತಿಥಿ'. ಕ್ರಿಸ್ತಭಕ್ತರಾದ ಇವರು ಮತವನ್ನು ಬೋಧಿಸದೆ ಇರಲು ಕಾರಣವೇನು? ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕು ಎಂಬುದು ಆರನೆಯ ಶತಮಾನದ ಸಂತ ಬೆನೆಡಿಕ್ಟನ ಮಠನಿಯಮ. ಬಂದವನೇ ಕ್ರಿಸ್ತನಾದರೆ ಅವನಿಗೆ ಕ್ರಿಸ್ತನ ವಿಷಯ ಉಪದೇಶಿಸುವವರು ಯಾರು?

ಇಲ್ಲಿ ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯವನ್ನು ಓದುಗರು ನೆನೆಯಬೇಕು. ಕಡೆಯ ತೀರ್ಪಿನ ದಿನ ದೇವರು, ಹಸಿದವನಾಗಿ, ಪರದೇಶಿಯಾಗಿ, ಬಟ್ಟೆಯಿಲ್ಲದವನಾಗಿ, ರೋಗಿಯಾಗಿ ನಿಮ್ಮ ಬಳಿಗೆ ಬಂದವನು ನಾನೇ ಎಂದು ಹೇಳುವ ಪ್ರಸಂಗ ಅದು. ಆ ಪಟ್ಟಿಯಲ್ಲಿ ಇನ್ನೂ ಒಬ್ಬನಿದ್ದಾನೆ; ನಾವು ಬೇಗ ದಾಟಿಬಿಡುವವನು. ಅವನು ಸೆರೆಯಾಳು. ನಿರಪರಾಧಿಯಾದ ಸೆರೆಯಾಳು ಎಂದು ಅಲ್ಲಿ ಹೇಳಿಲ್ಲ. ಕಳ್ಳನೋ ಕೊಲೆಗಡುಕನೋ ಎಂಬ ಪ್ರಶ್ನೆಯನ್ನೇ ಎತ್ತಿಲ್ಲ. ಆ ಸೆರೆಯಾಳಿಗೂ ತನ್ನ ಹೆಸರನ್ನು ಕೊಟ್ಟ ದೇವರನ್ನು ನಂಬಿದವರಿಗೆ ಅಪಾತ್ರನೆಂಬ ಮನುಷ್ಯ ಎಲ್ಲಿ ಸಿಕ್ಕಾನು?

ಹೇಳುವುದು ಸುಲಭ. ಬವರಿಯ ಚಳಿಗಾಲದಲ್ಲಿ ಕುಡಿದು ವಾಂತಿ ಮಾಡಿಕೊಂಡವನನ್ನು ಕ್ರಿಸ್ತನೆಂದು ತಿಳಿಯುವುದು ಬೇರೆ ಮಾತು. ಈ ಮನೆಗಳಿಗೆ ವರ್ಷವರ್ಷವೂ ತರುಣರು, ಹೆಚ್ಚಾಗಿ ವಿದ್ಯಾರ್ಥಿಗಳು, ಸ್ವಯಂಸೇವಕರಾಗಿ ಬರುತ್ತಾರೆ. ಕೆಲವರು ಬೇಸಗೆಯ ರಜೆಗೆ, ಕೆಲವರು ವರ್ಷಗಟ್ಟಲೆ. ಸಂಬಳವಿಲ್ಲ. ಅತಿಥಿಗಳು ಉಂಡದ್ದನ್ನೇ ಉಣ್ಣಬೇಕು, ಯಾರೋ ಕಳುಹಿಸಿದ ಹಳೆಯ ಬಟ್ಟೆಯ ರಾಶಿಯಿಂದಲೇ ತಮ್ಮ ಕೋಟನ್ನೂ ಆರಿಸಿಕೊಳ್ಳಬೇಕು. ಹೀಗೆ ಬರುವವರಲ್ಲಿ ಹಲವರು ಹೃದಯದ ತುಂಬ ಪ್ರೇಮವನ್ನು ಹೊತ್ತು ತಂದಿರುತ್ತಾರೆ. ಅದನ್ನು ಯಾರಿಗಾದರೂ ಸುರಿದು ಹಗುರಾಗುವ ಆತುರ. ಅತಿಥಿಯಾದರೋ ಸೂಪು ತಣ್ಣಗಿದೆಯೆಂದು ಬೈಯುತ್ತಾನೆ.

ಡೊರೊಥಿ ಡೇಗೆ ದಾಸ್ತೊಯೆವ್‌ಸ್ಕಿಯ ಕಾದಂಬರಿಗಳೆಂದರೆ ಪ್ರಾಣ. 'ಕರಮಜೋವ್ ಸಹೋದರರು' ಕಾದಂಬರಿಯ ಹಿರಿಯ ಜೊಸಿಮನ ಮಾತುಗಳನ್ನು ಆಕೆ ಜೀವನವಿಡೀ ಮೆಲುಕು ಹಾಕಿದಳು. ಅಲ್ಲಿ ಶ್ರೀಮಂತ ಹೆಂಗಸೊಬ್ಬಳು ಅವನ ಬಳಿ ಬರುತ್ತಾಳೆ. ಎಲ್ಲವನ್ನೂ ತೊರೆದು ರೋಗಿಗಳ ಸೇವೆಗೆ ಹೋಗಿಬಿಡಬೇಕೆಂದು ಆಕೆಗೆ ಎಷ್ಟೋ ವೇಳೆ ಅನಿಸುತ್ತದಂತೆ. ಹುಣ್ಣುಗಳನ್ನು ತೊಳೆಯಲು ಅಂಜಿಕೆಯಿಲ್ಲ; ಆದರೆ ಆ ರೋಗಿ ಕೃತಜ್ಞತೆ ತೋರದೆ, ಗದರಿಸಿ, ದೂರು ಹೇಳಿದರೆ ಏನು ಗತಿ? ತನ್ನ ಪ್ರೇಮ ಅಲ್ಲಿಗೇ ಆರಿಹೋದೀತು ಎಂದು ಅವಳೇ ಒಪ್ಪಿಕೊಳ್ಳುತ್ತಾಳೆ. ಅವಳು ಕೂಲಿಗೆ ದುಡಿಯುವವಳು. ಕೂಲಿ ಕೃತಜ್ಞತೆಯ ನಾಣ್ಯದಲ್ಲಿ ಅಂದಂದೇ ಸಲ್ಲಬೇಕು. ಕನಸಿನ ಪ್ರೇಮಕ್ಕೂ ಕೆಲಸದ ಪ್ರೇಮಕ್ಕೂ ಇರುವ ಭಯಂಕರವಾದ ಅಂತರವನ್ನು ಜೊಸಿಮ ಅವಳಿಗೆ ತೋರಿಸಿಕೊಡುತ್ತಾನೆ. ಸ್ವಯಂಸೇವಕರಾಗಿ ಬಂದ ತರುಣರು ಮೊದಲು ಕಲಿಯಬೇಕಾಗಿದ್ದುದು ಈ ಪಾಠವನ್ನೇ. ಕಲಿಯಲಾರದೆ ಮರಳಿದವರೂ ಉಂಟು. ಅವರನ್ನು ಹಳಿಯುವ ಅಧಿಕಾರ ಟಿಕೆಟಿನ ಕಥೆ ಹೇಳಿದ ನನಗೆ ಇಲ್ಲ.

ರಾಬರ್ಟ್ ಕೋಲ್ಸ್ ಎಂಬಾತ, ಮುಂದೆ ಮಕ್ಕಳ ಮನೋವೈದ್ಯನಾಗಿ ಲೇಖಕನಾಗಿ ಪ್ರಖ್ಯಾತನಾದವನು, ೧೯೫೨ರಲ್ಲಿ ಇನ್ನೂ ವೈದ್ಯಕೀಯ ವಿದ್ಯಾರ್ಥಿ. ಡೊರೊಥಿಯನ್ನು ಕಾಣಬೇಕೆಂದು ಆ ಮನೆಗೆ ಹೋದ. ಆಕೆ ಮೇಜಿನ ಬಳಿ ಕುಳಿತಿದ್ದಾಳೆ. ಎದುರಿಗೆ ಚೆನ್ನಾಗಿ ಕುಡಿದ ಹೆಂಗಸೊಬ್ಬಳು, ತುದಿಮೊದಲಿಲ್ಲದೆ ಏನನ್ನೋ ಒದರುತ್ತಿದ್ದಾಳೆ. ಡೊರೊಥಿ ಸಮಾಧಾನದಿಂದ ಕೇಳುತ್ತಿದ್ದಾಳೆ. ಇದು ಎಂದು ಮುಗಿದೀತೋ ಎಂದು ತರುಣ ಕಾದ. ಕೊನೆಗೆ ಡೊರೊಥಿ ಎದ್ದು ಅವನ ಬಳಿ ಬಂದು, ಕಾದಿರುವುದು ತಮ್ಮಿಬ್ಬರಲ್ಲಿ ಒಬ್ಬರೊಡನೆ ಮಾತನಾಡಲಿಕ್ಕೋ ಎಂದು ವಿಚಾರಿಸಿದಳು. ತಮ್ಮಿಬ್ಬರಲ್ಲಿ ಒಬ್ಬರೊಡನೆ! ಅವನು ಬಂದದ್ದು ಪ್ರಸಿದ್ಧಳಾದ ಡೊರೊಥಿ ಡೇಗಾಗಿ ಎಂಬುದು ಯಾರಿಗೂ ತಿಳಿಯುವ ವಿಷಯ. ಆಕೆಗೆ ಮಾತ್ರ ಅದು ಹೊಳೆಯಲಿಲ್ಲ. ಆ ಕುಡುಕಿಯನ್ನು ಕಾಣಲಿಕ್ಕೂ ಒಬ್ಬ ಮನುಷ್ಯ ಹುಡುಕಿಕೊಂಡು ಬಂದಿರಬಹುದೆಂಬ ಸಂಭವವನ್ನು ಆಕೆ ತೆರೆದೇ ಇಟ್ಟಿದ್ದಳು. ಅನೇಕ ವರ್ಷಗಳ ಮೇಲೆ, ೧೯೮೭ರಲ್ಲಿ ಆಕೆಯ ಮೇಲೆ ಪುಸ್ತಕ ಬರೆದಾಗಲೂ ಕೋಲ್ಸನಿಗೆ ಆ ಒಂದು ಪ್ರಶ್ನೆ ಮರೆತಿರಲಿಲ್ಲ.

ಈಗ ಉಂಗುರದ ಕಥೆ. ಆ ಮನೆಯಲ್ಲಿದ್ದವರು ಹೇಳುತ್ತ ಬಂದದ್ದು. ಒಮ್ಮೆ ಸಿರಿವಂತ ಹೆಂಗಸೊಬ್ಬಳು ಬಂದು ವಜ್ರದ ಉಂಗುರವೊಂದನ್ನು ಕೊಟ್ಟು ಹೋದಳು. ಡೊರೊಥಿ ಅದನ್ನು ಜೇಬಿಗೆ ಹಾಕಿಕೊಂಡಳು. ಅದೇ ದಿನ ಮುದುಕಿಯೊಬ್ಬಳು ಬಂದಳು. ದಿನವೂ ಬಂದು ಉಂಡು ಗೊಣಗಿ ಹೋಗುವವಳು, ಮನೆಯ ತರುಣರಿಗೆ ತಲೆನೋವಾದವಳು. ಡೊರೊಥಿ ಜೇಬಿನಿಂದ ಉಂಗುರವನ್ನು ತೆಗೆದು ಅವಳಿಗೆ ಕೊಟ್ಟುಬಿಟ್ಟಳು. ನೋಡಿದವರು ದಂಗಾದರು. ಉಂಗುರವನ್ನು ಮಾರಿದ್ದರೆ ಆ ಮುದುಕಿಯ ಕೋಣೆಯ ಒಂದು ವರ್ಷದ ಬಾಡಿಗೆಯೇ ಸಲ್ಲುತ್ತಿತ್ತಲ್ಲ ಎಂದರು. ಡೊರೊಥಿಯ ಉತ್ತರದ ಸಾರ ಇಷ್ಟು: ಅವಳಿಗೂ ಘನತೆಯಿದೆ, ಬೇಕಾದರೆ ಮಾರಿ ಬಾಡಿಗೆ ಕಟ್ಟಲಿ, ಬೇಕಾದರೆ ಪ್ರವಾಸ ಹೋಗಲಿ, ಇಲ್ಲವೆ ಕೊಟ್ಟ ಹೆಂಗಸಿನ ಹಾಗೆ ತಾನೂ ಬೆರಳಿಗಿಟ್ಟುಕೊಂಡು ನೋಡಿ ಸಂತೋಷಪಡಲಿ, ದೇವರು ವಜ್ರವನ್ನು ಸೃಷ್ಟಿಸಿದ್ದು ಸಿರಿವಂತರಿಗೆ ಮಾತ್ರವೇ ಏನು?

ಇದನ್ನು ಓದಿದಾಗ ನನಗೆ ರೈಲುನಿಲ್ದಾಣದ ಮುದುಕ ಕಣ್ಣಿಗೆ ಕಟ್ಟಿದ. ನಾನು ಅವನಿಗೆ ಕೊಟ್ಟದ್ದೇನು? ಟಿಕೆಟು. ಆದರೆ ಅದಕ್ಕೊಂದು ದಾರ ಕಟ್ಟಿ, ದಾರದ ತುದಿಯನ್ನು ನನ್ನ ಕೈಯಲ್ಲೇ ಹಿಡಿದಿದ್ದೆ. ಅವನು ಅರಸೀಕೆರೆಗೇ ಹೋಗಬೇಕು, ನಾನು ಕೊಂಡ ಗಾಡಿಯಲ್ಲೇ ಹೋಗಬೇಕು. ಅವನು ದಾರವನ್ನು ಕಡಿದ. ನನಗೆ ಸಿಟ್ಟು ಬಂತು. ಮಾರಿದ ಹಣದಿಂದ ಅವನು ಕುಡಿದನೋ ಉಂಡನೋ ನನಗೇನು ಗೊತ್ತು? ನಾನು ಸಂಬಳದಲ್ಲಿ ಏನು ಕೊಳ್ಳುತ್ತೇನೆಂದು ಯಾರೂ ಕಿಟಕಿಯಿಂದ ನೋಡುತ್ತ ಕೂರುವುದಿಲ್ಲ. ಬಡವನ ಕೈಗೆ ಬಿದ್ದ ಹಣಕ್ಕೆ ಮಾತ್ರ ನಾವೆಲ್ಲರೂ ಲೆಕ್ಕಪರಿಶೋಧಕರು. ಕೊಟ್ಟದ್ದು ಇನ್ನೂ ನನ್ನದೇ ಎಂದು ತಿಳಿದಿರುವವರೆಗೆ ಅದನ್ನು ಕೊಟ್ಟಂತಾಯಿತೆ? ದತ್ತವೆಂದರೆ ಸ್ವತ್ವವನ್ನು ಬಿಟ್ಟದ್ದು. ನಮ್ಮ ಧರ್ಮಶಾಸ್ತ್ರದ ವ್ಯಾಖ್ಯೆಯೂ ಇದೇ. 'ನ ಮಮ' ಎಂದು ನೀರು ಬಿಡುವುದು ಅದಕ್ಕಾಗಿ ತಾನೆ. ನಾನು ನೀರು ಬಿಟ್ಟಿರಲಿಲ್ಲ.

ಡೊರೊಥಿಗೆ ಇದು ಸಾಧ್ಯವಾದದ್ದು ಹೇಗೆ? ಆಕೆಯ ಸ್ವಭಾವ ದೊಡ್ಡದು ಎಂದು ಬಿಟ್ಟರೆ ಸಾಲದು. ಆ ಮನೆಯ ವ್ಯವಸ್ಥೆಯಲ್ಲೇ ಒಂದು ಗುಟ್ಟಿತ್ತು. ಕೊಡುವ ಆ ಮನೆ ತಾನೂ ಬೇಡುವ ಮನೆಯೇ. ನಿಧಿ ಇಲ್ಲ, ಠೇವಣಿ ಇಲ್ಲ. ದಾನಿಗಳಿಗೆ ತೆರಿಗೆಯ ರಿಯಾಯಿತಿ ದೊರೆಯುವ ಮಾನ್ಯತೆಯನ್ನೂ ಅದು ಕೇಳಿ ಪಡೆಯಲಿಲ್ಲ. ಪತ್ರಿಕೆಯಲ್ಲಿ ಆಗಾಗ ಭಿಕ್ಷೆಯ ಬಿನ್ನಹವನ್ನು ಅಚ್ಚುಹಾಕಿ, ಬಂದ ಹಣದಿಂದ ಅಂಗಡಿಯ ಸಾಲ ತೀರಿಸಿ, ಮತ್ತೆ ಸಾಲ ಮಾಡುವುದು. ಸಾಲಿನಲ್ಲಿ ನಿಂತ ಅತಿಥಿಗೂ ಸೌಟು ಹಿಡಿದ ಸ್ವಯಂಸೇವಕನಿಗೂ ಅನ್ನದ ಮೂಲ ಒಂದೇ.

ಇದಕ್ಕೆ ಕವಿ ಡಬ್ಲ್ಯು. ಎಚ್. ಆಡೆನ್ ಸಾಕ್ಷಿ. ೧೯೫೬ರಲ್ಲಿ, ಮನೆಯ ಕಟ್ಟಡ ಅಗ್ನಿರಕ್ಷಣೆಯ ನಿಯಮಗಳಿಗೆ ಒಪ್ಪುವಂತಿಲ್ಲವೆಂದು ನ್ಯಾಯಾಲಯ ಡೊರೊಥಿಗೆ ೨೫೦ ಡಾಲರ್ ದಂಡ ಹಾಕಿತು. ಪತ್ರಿಕೆಗಳಲ್ಲಿ ಸುದ್ದಿ ಬಂತು. ಮರುದಿನ ಬೆಳಗ್ಗೆ ಆಕೆ ನ್ಯಾಯಾಲಯಕ್ಕೆ ಹೊರಟಾಗ ಬಾಗಿಲಲ್ಲಿ ಎಂದಿನಂತೆ ಹಳೆಯ ಬಟ್ಟೆ ಕೇಳಲು ಬಂದವರ ಗುಂಪು. ಅದರಿಂದ ಸುಕ್ಕುಬಟ್ಟೆಯ ಒಬ್ಬ ಮನುಷ್ಯ ಮುಂದೆ ಬಂದು, ದಂಡಕ್ಕೆ ಎರಡು ಐವತ್ತು ಎಂಬಂತೆ ಏನೋ ಹೇಳಿ ಕಾಗದವೊಂದನ್ನು ಕೈಗಿತ್ತ. ಪಾಪ, ಬಡವ ಎರಡೂವರೆ ಡಾಲರ್ ಕೊಟ್ಟನೆಂದು ಆಕೆ ವಂದಿಸಿ ಹೊರಟಳು. ಸುರಂಗದ ರೈಲಿನಲ್ಲಿ ಬಿಚ್ಚಿ ನೋಡಿದರೆ ೨೫೦ ಡಾಲರಿನ ಚೆಕ್ಕು, ಕೆಳಗೆ ಆಡೆನ್ನನ ಸಹಿ! ಕೊನೆಗೆ ನ್ಯಾಯಾಧೀಶರು ದಂಡವನ್ನು ಬಿಟ್ಟುಕೊಟ್ಟರು. ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಕವಿಯ ಕೊಳೆಬಟ್ಟೆಗೆ ನಗುತ್ತಾರೆ. ನನಗೆ ಮುಖ್ಯವೆನಿಸುವುದು, ಡೊರೊಥಿ ಅವನನ್ನು ಭಿಕ್ಷುಕನೆಂದು ತಿಳಿದಿದ್ದರೂ ಅವನಿಂದ ಹಣವನ್ನು ಪಡೆದದ್ದು. ಬಡವನಿಂದ ತೆಗೆದುಕೊಳ್ಳುವುದೆಂತು ಎಂಬ ಸಂಕೋಚ ಆಕೆಗೆ ಬರಲಿಲ್ಲ. ನಾವು ಕೊಡುವವರಾಗಲು ಸಿದ್ಧ. ಕೊಟ್ಟವನಿಂದಲೇ ಪಡೆಯುವ ಪ್ರಸಂಗ ಬಂದರೆ ಕೈ ಹಿಂದೆಗೆಯುತ್ತೇವೆ. ಇಲ್ಲದವನ ಔದಾರ್ಯಕ್ಕೆ ನಮ್ಮ ಲೆಕ್ಕದಲ್ಲಿ ಮನೆಯೇ ಇಲ್ಲ.

ಇನ್ನೊಂದು ಘಟನೆ ನನಗೆ ಪೂರ್ತಿಯಾಗಿ ಒಪ್ಪಿಗೆಯಿಲ್ಲ, ಆದರೂ ಹೇಳಬೇಕು. ಸುರಂಗ ರೈಲಿಗಾಗಿ ನಗರಸಭೆ ಕ್ರಿಸ್ಟಿ ಬೀದಿಯಲ್ಲಿದ್ದ ಅವರ ಮನೆಯನ್ನು ವಶಪಡಿಸಿಕೊಂಡಿತು. ಪರಿಹಾರವಾಗಿ ೬೮,೭೦೦ ಡಾಲರ್ ಬಂತು. ಪಾವತಿ ತಡವಾದುದಕ್ಕೆ ಬಡ್ಡಿ ೩,೫೭೯ ಡಾಲರ್ ೩೯ ಸೆಂಟ್. ೧೯೬೦ರಲ್ಲಿ ಡೊರೊಥಿ ಆ ಬಡ್ಡಿಯನ್ನು ಪತ್ರದೊಡನೆ ಹಿಂದಿರುಗಿಸಿದಳು. ಹಣ ಹಣವನ್ನು ಹೆರುವುದನ್ನು ಹಳೆಯ ಧರ್ಮಪಿತರು ಒಪ್ಪುತ್ತಿರಲಿಲ್ಲ, ಆದುದರಿಂದ ಇದು ನಮ್ಮದಲ್ಲ ಎಂಬುದು ಆಕೆಯ ವಾದ. ಆ ದುಡ್ಡಿನಿಂದ ಎಷ್ಟು ದಿನ ಸೂಪು ಬೇಯುತ್ತಿತ್ತು! ಇದು ಹಟವೆಂದೇ ನನಗೆ ತೋರುತ್ತದೆ. ಆದರೆ ತನ್ನದಲ್ಲದ್ದು ಯಾವುದೆಂದು ಅಷ್ಟು ನಿಷ್ಠುರವಾಗಿ ಗುರುತಿಸಬಲ್ಲವಳಿಗೇ ಉಂಗುರವನ್ನು ಅಷ್ಟು ಸುಲಭವಾಗಿ ಕೊಡಲು ಬರುವುದೋ ಏನೋ.

ಆಕ್ಷೇಪಗಳಿಲ್ಲದೆ ಇಲ್ಲ. ಹೀಗೆ ಸೂಪು ಹಂಚಿದ್ದರಿಂದ ಬವರಿ ಬದಲಾಯಿತೆ? ಇಲ್ಲ. ಕೊಟ್ಟ ಕೋಟನ್ನು ಮಾರಿ ಕುಡಿದವರು ಇದ್ದರು. ಡೊರೊಥಿ ಅದನ್ನು ಮುಚ್ಚಿಡಲೂ ಇಲ್ಲ. ಬಡತನಕ್ಕೆ ಮದ್ದು ಔದಾರ್ಯವಲ್ಲ, ನ್ಯಾಯ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ನ್ಯೂಯಾರ್ಕಿನಲ್ಲಿಯೇ ೧೯೭೯ರಲ್ಲಿ ಮನೆಯಿಲ್ಲದವರ ಪರವಾಗಿ ದಾವೆ ಹೂಡಿ, ೧೯೮೧ರಲ್ಲಿ ಆದ ಒಪ್ಪಂದದಿಂದ, ಕೇಳಿದ ಗಂಡಸಿಗೆ ರಾತ್ರಿ ತಲೆಮರೆಸಿಕೊಳ್ಳಲು ಸ್ಥಳ ಕೊಡುವುದು ನಗರದ ಕರ್ತವ್ಯವಾಯಿತು; ಮುಂದೆ ಹೆಂಗಸರಿಗೂ ಕುಟುಂಬಗಳಿಗೂ ಇದು ವಿಸ್ತರಿಸಿತು. ಸಾವಿರಾರು ಸೂಪಿನ ಬಟ್ಟಲುಗಳು ಮಾಡಲಾಗದ ಕೆಲಸವಿದು. ಆದರೆ ಆ ಮನೆಯಲ್ಲಿ ಕಲಿತದ್ದು ನ್ಯಾಯದ ದಾರಿಗೆ ಅಡ್ಡವಾಯಿತೆಂದೂ ಹೇಳುವಂತಿಲ್ಲ. ೧೯೫೧ರಿಂದ ಸುಮಾರು ಎರಡು ವರ್ಷ ಅಲ್ಲಿ ಸ್ವಯಂಸೇವಕನಾಗಿದ್ದ ಮೈಕೆಲ್ ಹ್ಯಾರಿಂಗ್ಟನ್ ಎಂಬ ತರುಣ ಮುಂದೆ ಸಭೆಯನ್ನೂ ಬಿಟ್ಟ, ದೇವರನ್ನೂ ಬಿಟ್ಟ, ಸಮಾಜವಾದಿಯಾದ. ಆದರೆ ೧೯೬೨ರಲ್ಲಿ ಅವನು ಬರೆದ 'ದಿ ಅದರ್ ಅಮೆರಿಕ' ಎಂಬ ಪುಸ್ತಕ ಆ ದೇಶದ ಕಣ್ಣಿಗೆ ಕಾಣದಿದ್ದ ಬಡವರನ್ನು ಕಾಣುವಂತೆ ಮಾಡಿತು. ೧೯೬೪ರಲ್ಲಿ ಅಲ್ಲಿನ ಸರ್ಕಾರ ಬಡತನದ ವಿರುದ್ಧ ಸಾರಿದ ಸಮರಕ್ಕೆ ಅದೂ ಒಂದು ಪ್ರೇರಣೆ. ಬಡವರು ಅವನಿಗೆ ಅಂಕಿಗಳಾಗಿ ಅಲ್ಲ, ಒಂದೇ ಮನೆಯಲ್ಲಿ ಮಲಗಿ ಎದ್ದವರಾಗಿ ತಿಳಿದಿದ್ದರು.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆಯದು. ಡೊರೊಥಿಯ ಮಗಳು ತಮಾರ್ ಬೆಳೆದದ್ದು ಈ ಅತಿಥಿಗಳ ನಡುವೆ. ತಾಯಿ ಊರೂರು ಸುತ್ತಿ ಭಾಷಣ ಮಾಡುವಾಗ ಮಗಳು ಪರರ ಕೈಯಲ್ಲಿ. ಎಲ್ಲರಿಗೂ ತೆರೆದ ಬಾಗಿಲಿನ ಮನೆಯಲ್ಲಿ ಒಂದು ಮಗುವಿಗೆ ತನ್ನದೆಂಬ ಮೂಲೆ ಎಲ್ಲಿಂದ ಬರಬೇಕು? ತಮಾರಳ ಮಗಳು ಕೇಟ್ ಹೆನೆಸಿ ೨೦೧೭ರಲ್ಲಿ ಬರೆದ ಪುಸ್ತಕದಲ್ಲಿ ಅಜ್ಜಿಯ ಹಿರಿಮೆಯ ಜೊತೆಗೆ ಈ ನೋವೂ ಇದೆ. ಅತಿಥಿಗಾಗಿ ಮಗನನ್ನೇ ಒಪ್ಪಿಸಿದ ಸಿರಿಯಾಳನ ಕಥೆಯನ್ನು ಪಾಠ ಹೇಳುವಾಗಲೂ ನನಗೆ ಇದೇ ಅಳುಕು. ಕೊಡುವವರು ಕೆಲವು ವೇಳೆ ತಮ್ಮದಲ್ಲದ್ದನ್ನೂ ಕೊಟ್ಟುಬಿಡುತ್ತಾರೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಡೊರೊಥಿಯಲ್ಲಿಯೂ ಇತ್ತೆಂದು ತೋರುವುದಿಲ್ಲ.

ಆಕೆಯನ್ನು ಸಂತಳೆಂದು ಘೋಷಿಸುವ ವಿಚಾರಣೆ ೨೦೦೦ದಿಂದ ನಡೆದಿದೆ. ೨೦೧೫ರಲ್ಲಿ ಪೋಪ್ ಫ್ರಾನ್ಸಿಸ್ ಅಮೆರಿಕದ ಶಾಸನಸಭೆಯಲ್ಲಿ ಮಾತನಾಡುತ್ತ ಲಿಂಕನ್ನನ ಜೊತೆಗೆ ಆಕೆಯ ಹೆಸರನ್ನೂ ಎತ್ತಿದರು. ಮೊದಲ ಬೀದಿಯ ಮನೆಯಲ್ಲಿ ಇಂದಿಗೂ ಸೂಪು ಬೇಯುತ್ತದೆ. ಹೊಸ ಹುಡುಗರು ಬರುತ್ತಾರೆ, ಬೈಸಿಕೊಳ್ಳುತ್ತಾರೆ, ಕೆಲವರು ಉಳಿಯುತ್ತಾರೆ.

ಪೀಟರ್ ಮೋರಿನ್ ೧೯೪೯ರಲ್ಲಿ ತೀರಿಕೊಂಡಾಗ ಅವನನ್ನು ಹೂಳಿದ್ದು ಯಾರೋ ತೊಟ್ಟುಬಿಟ್ಟ ಸೂಟಿನಲ್ಲಿ, ಯಾರೋ ಕೊಟ್ಟ ಗುಳಿಯಲ್ಲಿ. ಡೊರೊಥಿ ತೀರಿಕೊಂಡದ್ದು ೧೯೮೦ರ ನವೆಂಬರ್ ೨೯ರಂದು, ಮನೆಯಿಲ್ಲದ ಹೆಂಗಸರಿಗಾಗಿ ಮೂರನೆಯ ಬೀದಿಯಲ್ಲಿ ತೆರೆದಿದ್ದ ಮನೆಯ ತನ್ನ ಕೋಣೆಯಲ್ಲಿ. ಮಗಳು ತಮಾರ್ ಹತ್ತಿರವಿದ್ದಳು. ಶವಪೆಟ್ಟಿಗೆಯನ್ನು ಸಮೀಪದ ಇಗರ್ಜಿಗೆ ಹೊತ್ತು ತಂದರು. ಬಾಗಿಲಲ್ಲಿ ಕಾರ್ಡಿನಲ್ ಕುಕ್ ಅವರು ಆಶೀರ್ವದಿಸಲು ನಿಂತಿದ್ದರು. ಮೆರವಣಿಗೆ ಒಂದು ಕ್ಷಣ ತಡೆಯಿತು. ಆಗ ಬುದ್ಧಿಭ್ರಮಣೆಯಾದ ಮನುಷ್ಯನೊಬ್ಬ ಜನರನ್ನು ನೂಕಿಕೊಂಡು ಮುಂದೆ ಬಂದ. ಪೆಟ್ಟಿಗೆಯ ಮೇಲೆ ಬಗ್ಗಿ, ಕಣ್ಣು ಕೀಲಿಸಿ, ಬಹಳ ಹೊತ್ತು ನೋಡುತ್ತ ನಿಂತ. ಯಾರೂ ಅವನನ್ನು ತಡೆಯಲಿಲ್ಲ.